ಒಂದು ತಾಸಿನ ಗೆರೆ

ಮಹಾಲಿಂಗಪುರದ ಸರಕಾರಿ ದವಾಖಾನೆ.
ಲ್ಯಾಬಿನ ಕಿಟಕಿಗೆ ಅರ್ಧ ಹಸಿರು ಬಟ್ಟೆ.
ಧರೆಪ್ಪ ಬಲಗೈ ಚಾಚಿ ಕೂತಿದ್ದಾನೆ.
ನರ ಹುಡುಕುತ್ತ ನನ್ನ ಬೆರಳು
ನುಣ್ಣನೆಯ ಕಲೆಯೊಂದರ ಮೇಲೆ ಜಾರುತ್ತದೆ.
"ಅಲ್ಲೆ ಬ್ಯಾಡ್ರಿ ಅಕ್ಕಾರ,
ಅದು ಕುದಿಬೆಲ್ಲ ಸಿಡಿದ ಜಾಗಾ.
ಅಲ್ಲೆ ಏನೂ ಹರಿಯಂಗಿಲ್ಲ."

ಮೂವತ್ತೊಂದು ವರ್ಷ ಗಾಣದ ಮನೆಯಲ್ಲಿ
ಪಾಕ ಹಿಡಿದವನು.
ಕೊಪ್ಪರಿಗೆಯಿಂದ ಒಂದು ಹನಿ ಎತ್ತಿ
ತಣ್ಣೀರ ಬಟ್ಟಲಿಗೆ ಬಿಟ್ಟು
ಎರಡು ಬೆರಳಲ್ಲಿ ಉರುಳಿಸಿ
"ಇಳಸ್ರಿ" ಅಂದರೆ ಇಳಿಸಬೇಕು.
ಥರ್ಮಾಮೀಟರ್ ತಂದಿದ್ದ ಮಾಲೀಕನ ಮಗ
ಎರಡು ಕೊಪ್ಪರಿಗೆ ಕೆಡಿಸಿ
ಸುಮ್ಮನೆ ಅದನ್ನು ಗೂಡಿನಲ್ಲಿಟ್ಟನಂತೆ.

ಈಗ ಹನಿ ಅವನದು,
ಬೆರಳು ನನ್ನದು.

ಹಳದಿ ಮುಚ್ಚಳ. ನೇರಳೆ. ಬೂದು.
ನಾಲ್ಕನೆಯದು ಅವನಿಗಲ್ಲ,
ಬಾಗಲಕೋಟೆಯಿಂದ ಬಂದ ಅಧ್ಯಯನದವರಿಗೆ.
ಕ್ಷಯವೂ ಸಕ್ಕರೆಯೂ
ಒಂದೇ ಮೈಯಲ್ಲಿ ಬಾಡಿಗೆಗಿದ್ದರೆ
ರಕ್ತ ಯಾರ ಪರ ಸಾಕ್ಷಿ ಹೇಳುತ್ತದೆ,
ಯಾರು ಗುಣವಾಗುತ್ತಾರೆ, ಯಾರು ತಡವಾಗುತ್ತಾರೆ,
ಮೊದಲೇ ತಿಳಿಸುವ ಗುರುತು ಏನಾದರೂ ಇದೆಯೇ
ಎಂದು ಹುಡುಕುವವರು.
ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದ.
ನಿಧಾನಕ್ಕೆ, ಉಸಿರು ಹಿಡಿದು.
ಧಕಾರದ ಹೊಟ್ಟೆ ಸೀಳುವುದನ್ನು ಮರೆತ.

"ಇದ್ರಾಗ ನನಗೇನ್ ತಿಳೀತೈತ್ರಿ?"
"ನಿಮಗೇನೂ ಇಲ್ರಿ. ಮುಂದ ಬರೋರಿಗೆ."
ಮಾಸ್ಕಿನೊಳಗೇ ನಕ್ಕ, ನಕ್ಕದ್ದು ಕೆಮ್ಮಾಯಿತು.
"ಬೆಲ್ಲಾನೂ ಹಂಗ ಬಿಡ್ರಿ.
ಕಾಸಿದಾವಗ ತಿನ್ನಾಕ ಪುರುಸೊತ್ತು ಎಲ್ಲಿ."

ಮೂರು ತಿಂಗಳ ಸಕ್ಕರೆಯ ಲೆಕ್ಕ
ಕೆಂಪುಕಣದ ಮೈಗೆ ಅಂಟಿಕೊಂಡಿರುತ್ತದೆ,
ಬಡಿಗೆಗೆ ಹತ್ತಿದ ಪಾಕದಂತೆ;
ತೊಳೆದರೂ ಹೋಗುವುದಿಲ್ಲ, ಕಣ ಸಾಯಬೇಕು.
ನಿನ್ನೆ ರಾತ್ರಿಯ ಉಪವಾಸಕ್ಕೆ ಅದು ಮರುಳಾಗದು.
ಹನ್ನೊಂದು ಪಾಯಿಂಟ್ ನಾಲ್ಕು ಇತ್ತು ಮೊದಲ ಸಲ.
ಆದರೆ ಮೈಯಲ್ಲಿ ರಕ್ತವೇ ಕಡಿಮೆಯಿದ್ದರೆ
ಆ ಲೆಕ್ಕವೂ ಒಮ್ಮೊಮ್ಮೆ ಸುಳ್ಳಾಡುತ್ತದೆ.
ಇದನ್ನು ನಾನು ಅವನಿಗೆ ಹೇಳಲಿಲ್ಲ.
ಒಂದು ಸಂಖ್ಯೆಯನ್ನಾದರೂ ನಂಬಲಿ ಅಂತ.

ಇಎಸ್‌ಆರ್ ಗಾಜಿನ ಕೊಳವೆ ನಿಲ್ಲಿಸಿದೆ.
"ಇದಕ್ಕ ಒಂದು ತಾಸು ಬೇಕ್ರಿ, ಹೊರಗ ಕುಂದರ್ರಿ."
ಹೋಗಲಿಲ್ಲ.
ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತ,
ಕೊಪ್ಪರಿಗೆಯ ಮುಂದೆ ಕೂತ ಹಾಗೆಯೇ.
ಮೇಲೆ ತಿಳಿಹಳದಿ ನೀರು,
ಕೆಳಗೆ ಇಳಿಯುತ್ತಿರುವ ಕೆಂಪು.
"ಬೆಂಡಿ ಲೋಳೆ ಹಾಕಿದ್ರ
ನಮ್ಮಲ್ಲೆ ಮಡ್ಡಿ ಮ್ಯಾಲ ಬರತೈತಿ.
ನಿಮ್ಮಲ್ಲೆ ಯಾಕ್ರಿ ಕೆಳಗ ಹೋಗತೈತಿ?"
ಉತ್ತರ ಇತ್ತು. ಪುಸ್ತಕದಲ್ಲಿ ಓದಿದ್ದೆ.
ಬಾಯಿಗೆ ಬರಲಿಲ್ಲ.

ಹೊರಗೆ ಬೆಂಚಿನ ಮೇಲೆ ಹೆಂಡತಿ ಸುವ್ವವ್ವ
ಸೀರೆಯ ಸೆರಗಿಗೆ ಮಾತ್ರೆಯ ಹಾಳೆ ಗಂಟು ಹಾಕಿಕೊಂಡು
ಪಕ್ಕದವಳಿಗೆ ಹೇಳುತ್ತಿದ್ದಳು:
"ಕುಂಕುಮದ ನೀರಿನಂಗ ಹೊಯ್ಯತಾನವಾ,
ನಾ ಅಂಜೇ ಬಿಟ್ಟಿದ್ದೆ.
ಗುಳಿಗಿ ಬಣ್ಣಂತ ಅದು."

ಮೊದಲ ಸಲ ನೂರಾ ಹದಿನೆಂಟು.
ಎರಡು ತಿಂಗಳ ಔಷಧದ ನಂತರ ಇವತ್ತು
ಗಡಿಯಾರ ನೋಡಿ ಗೆರೆ ನೋಡಿದೆ: ಅರವತ್ತೇಳು.
ಕಫದಲ್ಲಿ ಹುಳ ಕಾಣಲಿಲ್ಲ.
ಸಕ್ಕರೆ ಇಳಿದಿದೆ, ಇಳಿಯಬೇಕಾದಷ್ಟಲ್ಲ.
ಹೇಗೆ ಹೇಳಲಿ ಎಂದು ನಾನು ತಡವರಿಸುವಾಗ
ಅವನೇ ಎದ್ದು ಬಂದ.
ಕೊಳವೆಯ ಮಟ್ಟಕ್ಕೆ ಕಣ್ಣು ತಂದು
ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತಿಕ್ಕಿದ,
ನಡುವೆ ಏನೂ ಇಲ್ಲದಿದ್ದರೂ.

"ಇನ್ನೂ ಹಸೀ ಐತಿ.
ಆದ್ರ ಕುದಿ ಹಿಡದೈತಿ ನೋಡ್ರಿ.
ಈಗ ಉರಿ ತಗೀಬಾರದು."

ಹೊರಟುಹೋದ.
ಐಸ್ ಪೆಟ್ಟಿಗೆಯವರು ಬಂದು ನಾಲ್ಕನೆಯ ನಳಿಕೆ ಒಯ್ದರು,
ಅದರ ಮೇಲೆ ಹೆಸರಿಲ್ಲ, ಬರೀ ನಂಬರು.
ನನ್ನ ರಜಿಸ್ಟರಿನಲ್ಲಿ ಮಾತ್ರ
ಅವನ ಸಹಿ ನೋಡಿ ನಾನೂ ದರೆಪ್ಪ ಎಂದೇ ಬರೆದಿದ್ದೆ.
ಪೆನ್ನು ತೆಗೆದು
ದಕಾರದ ಕೆಳಗೆ ಒಂದು ಸಣ್ಣ ಗೀರು ಎಳೆದೆ.
ಕರೆಂಟು ಹೋಯಿತು.